ಮೂರನೇ ಪದರದ ಸುತ್ತು

"ಅಕ್ಕಾ, ಸಂಜೆ ಬೋರ್ಡ್ ಮಾಡೋರಿಗೆ ಕಳಿಸ್ಬಿಡ್ತೀನಿ. ನೀವೊಂದ್ಸಲ ನೋಡ್ಬಿಡಿ," ಎಂದು ರಂಜಿತ ನಕ್ಷೆಯ ಆರು ಹಾಳೆಗಳನ್ನು ನಾಗಶ್ರೀಯ ಮೇಜಿನ ಮೇಲಿಟ್ಟಳು.

ನೋಡಬೇಕಂತೆ, ನೋಡಿ! ಮದ್ದೂರಿನ ಈ ಶೆಡ್ಡಿನಲ್ಲಿ, ಪಂಪ್‌ಸೆಟ್ಟನ್ನು ಮೊಬೈಲಿನಿಂದಲೇ ಚಾಲೂ ಮಾಡುವ ಡಬ್ಬಿಗಳಿಗೆ ಏಳು ವರ್ಷದಿಂದ ಕಾಯಿಲ್ ಸುತ್ತುತ್ತಿದ್ದವಳು ನಾಗಶ್ರೀ. ಕೂದಲೆಳೆಯಂಥ ತಾಮ್ರದ ತಂತಿ, ಎಂಬತ್ತನಾಲ್ಕು ಸುತ್ತು. ಒಂದೂ ಹೆಚ್ಚಿಲ್ಲ, ಒಂದೂ ಕಮ್ಮಿಯಿಲ್ಲ. "ಇವಳ ಕೈ ಅಂದ್ರೆ ಮಿಸೀನು ಕಣ್ರೀ," ಎಂದು ಯಜಮಾನ ಜಯಪ್ರಕಾಶ್ ಬಂದವರಿಗೆಲ್ಲ ತೋರಿಸುತ್ತಿದ್ದರು. ಈಗ ಮಂಡ್ಯದಲ್ಲಿ ಇಂಜಿನಿಯರಿಂಗ್ ಓದಿ ಬಂದ ಈ ಹುಡುಗಿ ತಂತಿಯೇ ಬೇಡ ಎನ್ನುತ್ತಾಳೆ. ಬೋರ್ಡಿನ ಆರು ಪದರಗಳಲ್ಲೂ ತಾಮ್ರದ ಗೆರೆಯನ್ನು ಸುರುಳಿಯಾಗಿ ಎಳೆದು, ಒಂದರಡಿ ಒಂದು ಜೋಡಿಸಿದರೆ ಅದೇ ಕಾಯಿಲ್ ಅಂತೆ. ಡಬ್ಬಿ ಬೆಂಕಿಪೊಟ್ಟಣದಷ್ಟಾಗುತ್ತದಂತೆ. ಯಜಮಾನರ ಬಾಯಲ್ಲಿ ಬೆಳಗಿನಿಂದ ಸಂಜೆವರೆಗೂ ರಂಜಿತ, ರಂಜಿತ.

ನಾಗಶ್ರೀಗೆ ಹೊಟ್ಟೆ ಉರಿಯುತ್ತಿತ್ತು, ಸುಳ್ಳೇಕೆ ಹೇಳಬೇಕು? ರಂಜಿತ ನೆಮ್ಮದಿಯಾಗಿ ಟೀ ಕುಡಿಯುವುದನ್ನು ಕಂಡರೂ ಉರಿಯುತ್ತಿತ್ತು. ಮೊದಲ ತಿಂಗಳು ಪಕ್ಕದಲ್ಲಿ ಕೂರಿಸಿಕೊಂಡು ಸುತ್ತುವುದನ್ನು ಹೇಳಿಕೊಟ್ಟವಳು ತಾನು. ಎಲ್ಲ ಕಲಿತುಕೊಂಡು ತನ್ನ ಕೈಗೇ ಕೆಲಸವಿಲ್ಲದಂತೆ ಮಾಡಿದಳಲ್ಲ!

ಪದರಕ್ಕೊಂದರಂತಿದ್ದ ಹಾಳೆಗಳಲ್ಲಿ, ಕರೆಂಟು ಹರಿಯುವ ದಾರಿಯಲ್ಲೇ ಗೆರೆಯ ಮೇಲೆ ನಾಗಶ್ರೀ ಬೆರಳಾಡಿಸಿದಳು. ಮೊದಲ ಪದರ ಬಲಕ್ಕೆ ಸುತ್ತಿತ್ತು, ಎರಡನೆಯದೂ ಬಲಕ್ಕೆ. ಮೂರನೆಯದರಲ್ಲಿ ಬೆರಳು ಎಡಕ್ಕೆ ತಿರುಗಿತು. ಮತ್ತೊಮ್ಮೆ ಆಡಿಸಿದಳು. ಎಡಕ್ಕೇ. ಒಂದು ಪದರ ಉಲ್ಟಾ ಸುತ್ತಿದರೆ ಉಳಿದವುಗಳ ಬಲವನ್ನು ಅದು ತಿಂದುಹಾಕುತ್ತದೆ. ಮಳವಳ್ಳಿಯಲ್ಲಿ ಮೋಟರು ಸುತ್ತುವ ಅಪ್ಪ ಹತ್ತು ವರ್ಷದವಳಿಗೇ ತಲೆಗೆ ಮೊಟಕಿ ಕಲಿಸಿದ ಪಾಠ ಅದು.

"ಹೆಂಗಿದೆ ಅಕ್ಕ?"

ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಜಯಪ್ರಕಾಶ್ ಆ ಕಡೆಯಿಂದ ಹಾದುಹೋಗುತ್ತ, "ಅವ್ಳಿಗೇನ್ ಗೊತ್ತಾಯ್ತದಮ್ಮ ಅದೆಲ್ಲ? ಕಳ್ಸು ನೀನು," ಎಂದರು.

ನಾಗಶ್ರೀ ಹಾಳೆಗಳನ್ನು ಅಂಚು ಕೂಡಿಸಿ ಕೊಟ್ಟಳು. "ಚೆನ್ನಾಗದೆ ಕಣವ್ವ. ಕಳ್ಸು."

ಬೋರ್ಡುಗಳು ಬರುವವರೆಗಿನ ಹದಿನೈದು ದಿನವೂ ಅವಳಿಗೆ ಊಟ ರುಚಿಸಿತು. ಬರಲಿ, ಆಗ ಗೊತ್ತಾಗುತ್ತದೆ ಯಾರ ಕೈ ಏನೆಂದು.

ಐವತ್ತು ಬೋರ್ಡು ಬಂದವು. ಮೀಟರಿಗೆ ಹಿಡಿದರೆ ಕಾಯಿಲ್ಲಿನ ಬಲ ಇರಬೇಕಾದ್ದರಲ್ಲಿ ಅರ್ಧವೂ ಇಲ್ಲ. ಎರಡನೆಯದೂ ಹಾಗೇ, ಹತ್ತನೆಯದೂ ಹಾಗೇ. ರಂಜಿತಳ ಮುಖ ಬಿಳಚಿಕೊಂಡಿತು.

"ಯಾರಿಗೂ ತೋರಿಸ್ನಿಲ್ವೇನಮ್ಮ ನೀನು?" ಜಯಪ್ರಕಾಶ್ ಗದರಿದರು.

ನಾಗಶ್ರೀ ತಲೆ ತಗ್ಗಿಸಿ ತಂತಿಯ ತುದಿ ಹುಡುಕತೊಡಗಿದಳು.

"ಇಲ್ಲ ಸಾರ್. ತಪ್ಪು ನಂದೇ," ಎಂದಳು ರಂಜಿತ.

ಅವರು ಬಿರಬಿರನೆ ಹೊರಗೆ ಹೋದ ಮೇಲೆ ಒಂದು ಬೋರ್ಡು ಹಿಡಿದು ನಾಗಶ್ರೀಯ ಬಳಿ ಬಂದಳು. "ಸಾರಿ ಅಕ್ಕ. ನಿಮ್ ಹೆಸರೂ ಹಾಳ್ ಮಾಡ್ಬಿಟ್ಟೆ."

"ನನ್ ಎಸ್ರಾ?"

ರಂಜಿತ ಬೋರ್ಡನ್ನು ಮಗುಚಿ ಹಿಡಿದಳು. ಮೂಲೆಯಲ್ಲಿ, ಅಕ್ಕಿಕಾಳಿನಷ್ಟು ಬಿಳಿ ಅಕ್ಷರಗಳಲ್ಲಿ ಎರಡು ಹೆಸರು ಅಚ್ಚಾಗಿದ್ದವು. ಮೊದಲಿನದು ನಾಗಶ್ರೀ.

"ಸುತ್ತೋದು ಕಲಿಸಿದ್ದು ನೀವಲ್ವಾ. ಬಂದ್ಮೇಲೆ ತೋರಿಸೋಣ ಅಂತ ಹೇಳಿರ್ಲಿಲ್ಲ," ಎಂದು ಕಣ್ಣೊರೆಸಿಕೊಂಡು ಕೈತೊಳೆಯುವ ಕಡೆ ಹೋದಳು.

ನಾಗಶ್ರೀ ಟ್ರೇಯಿಂದ ಇನ್ನೊಂದು ಬೋರ್ಡು ಎತ್ತಿ ತಿರುಗಿಸಿದಳು. ಮತ್ತೊಂದು. ಎಲ್ಲದರಲ್ಲೂ ಇತ್ತು. ಅತ್ತಿತ್ತ ನೋಡಿ, ಹೆಬ್ಬೆರಳಿನ ಉಗುರಿನಿಂದ ತನ್ನ ಹೆಸರನ್ನು ಕೆರೆದಳು. ಉಗುರಿನ ತುದಿ ಮುರಿಯಿತು. ಬಿಳಿ ಅಕ್ಷರ ಹಾಗೇ ಇತ್ತು.