ಪೂಜೆಯ ಮರುದಿನ ಕಾಣೆಯಾದ ಸ್ಕ್ಯಾನ್

ಸಾನಪಾಡಾದ ನಮ್ಮ ಸ್ಕ್ಯಾನ್ ಸೆಂಟರಿನಲ್ಲಿ ಆಯುಧಪೂಜೆಯೆಂದರೆ ಮಷೀನುಗಳಿಗೆಲ್ಲ ರಜೆ. ಮಾಲೀಕ ಜಯಶೀಲಣ್ಣ ಮೇನ್ ಸ್ವಿಚ್ಚನ್ನೇ ಆರಿಸಿ, ಎಲ್ಲಕ್ಕೂ ಕುಂಕುಮ ಹಚ್ಚಿ, ಮರುದಿನ ಎಲ್ಲವನ್ನೂ ಒಟ್ಟಿಗೆ ಎಬ್ಬಿಸುತ್ತಾರೆ. ಬೇಡವೆಂದು ಪ್ರತಿ ವರ್ಷ ಹೇಳುತ್ತೇನೆ. ದೇವರ ಮುಂದೆ ಕಂಪ್ಯೂಟರ್ ನೋಡಿಕೊಳ್ಳುವವಳ ಮಾತು ಯಾರಿಗೆ ಬೇಕು?

ಈ ದಸರೆಗೆ, ಪೂಜೆಯ ಮರುದಿನ ಬೆಳಿಗ್ಗೆ ನಾನು ಬರುವಷ್ಟರಲ್ಲಿ ಯಂಕಪ್ಪ ಎಂಬವರ ತಲೆಯ ಸ್ಕ್ಯಾನ್ ಮುಗಿದಿತ್ತು. ವಾಶಿ ಮಾರ್ಕೆಟ್ಟಿನಲ್ಲಿ ಈರುಳ್ಳಿ ಮೂಟೆ ಇಳಿಸುವಾಗ ಲಾರಿಯಿಂದ ಬಿದ್ದವರು. ಆಗಲೇ ಪಕ್ಕದ ಸಣ್ಣ ಆಸ್ಪತ್ರೆಗೆ ಒಯ್ದು ವೆಂಟಿಲೇಟರ್ ಹಾಕಿದ್ದರು. ಚಿತ್ರ ನೋಡದೆ ಆಪರೇಷನ್ ಇಲ್ಲ, ಮತ್ತೊಮ್ಮೆ ಸ್ಕ್ಯಾನಿಗೆ ತರಲು ಅವರನ್ನು ಅಲ್ಲಾಡಿಸುವಂತಿಲ್ಲ. ಹೆಂಡತಿ ಮರಗಮ್ಮ ಚಿತ್ರಕ್ಕಾಗಿ ನಮ್ಮ ಬೆಂಚಿನಲ್ಲಿ ಕೂತಿದ್ದಳು.

ನನ್ನ ಕಂಪ್ಯೂಟರಿನಲ್ಲಿ ಚಿತ್ರಗಳ ಫೋಲ್ಡರ್ ತೆರೆದೆ. ವರ್ಷಗಳ ರೋಗಿಗಳೆಲ್ಲ ಮಾಯ! ಯಾವುದೋ ಒಂದು ಹೆಸರು ಉಳಿದಿತ್ತು, ಅದನ್ನು ಓದುವ ತಾಳ್ಮೆ ಯಾರಿಗಿತ್ತು? ಚಿತ್ರಗಳನ್ನೆಲ್ಲ ಕೂಡಿಡುವ ಸ್ಟೋರೇಜ್ ಪೆಟ್ಟಿಗೆ ಒಳಕೋಣೆಯಲ್ಲಿದೆ, ಏಳಲು ಅದಕ್ಕೆ ಸಾವಕಾಶ ಬೇಕು. ನನ್ನ ಲಿನಕ್ಸ್ ಕಂಪ್ಯೂಟರ್ ಮೊದಲೇ ಎದ್ದು, ಅದನ್ನು ಒಮ್ಮೆ ಕೂಗಿ, ಉತ್ತರ ಬರಲಿಲ್ಲವೆಂದು ಸುಮ್ಮನಾಗಿತ್ತು. ಮೌಂಟ್ ಮಾಡಿದೆ, ಅಂದರೆ ಪೆಟ್ಟಿಗೆಯನ್ನು ಆ ಫೋಲ್ಡರಿಗೆ ಜೋಡಿಸಿದೆ. ಹಳೆಯವರೆಲ್ಲ ಬಂದರು. ಯಂಕಪ್ಪ ಮಾತ್ರ ಇಲ್ಲ.

ಮತ್ತೆ ಹುಡುಕಿದೆ. ಇಲ್ಲ. ಸ್ಕ್ಯಾನ್ ಮಷೀನು ಚಿತ್ರವನ್ನು ನನ್ನ ಕಂಪ್ಯೂಟರಿಗೆ ಕಳಿಸಿದ ಕೂಡಲೇ ತನ್ನಲ್ಲಿದ್ದುದನ್ನು ಅಳಿಸುತ್ತದೆ. ನನ್ನ ಕೈಯಾರೆ ಒಬ್ಬ ಮನುಷ್ಯನನ್ನು ಕೊಂದೆನೆಂದು ಹೆದರಿದೆ.

"ಸಿಕ್ತೇನವ್ವಾ?" ಮರಗಮ್ಮ ಬಾಗಿಲಿಗೆ ಬಂದಳು. "ದವಾಖಾನಿಯವ್ರು ಫೋನ್ ಮ್ಯಾಲ ಫೋನ್ ಮಾಡಕತ್ಯಾರ."

"ಈಗ ಕೊಡ್ತೇನೆ" ಎಂದೆ. ಸುಳ್ಳು.

ಆಗ ಆ ಒಂಟಿ ಹೆಸರು ನೆನಪಾಯಿತು. ನಾನು ಪೆಟ್ಟಿಗೆಯನ್ನು ಜೋಡಿಸುವ ಮೊದಲೇ ಚಿತ್ರ ಬಂದು ಖಾಲಿ ಫೋಲ್ಡರಿನಲ್ಲಿ ಬಿದ್ದಿತ್ತು. ಆಮೇಲೆ ಮೌಂಟ್ ಮಾಡಿ ನಾನು ಅದರ ಮೇಲೆ ಚಾಪೆ ಹಾಸಿದಂತೆ ಮುಚ್ಚಿಬಿಟ್ಟಿದ್ದೆ! ಬೆಣ್ಣೆ ಕೈಯಲ್ಲಿಟ್ಟುಕೊಂಡು ತುಪ್ಪಕ್ಕೆ ಅಲೆದ ಕಥೆ. ಆದರೆ ಚಾಪೆ ಎತ್ತಬೇಕೆಂದರೆ ಪೆಟ್ಟಿಗೆಯನ್ನು ಮತ್ತೆ ಬಿಡಿಸಬೇಕು.

ಹಿಂದೆ ನಿಂತು ನೋಡುತ್ತಿದ್ದ ಜಯಶೀಲಣ್ಣ ನನ್ನ ಕೈ ಹಿಡಿದರು. "ಎಂತ ಮಾಡ್ತಿ ಮಾರಾಯ್ತಿ? ಬಂದದ್ದು ಪುನಃ ಹೋದ್ರೆ?"

"ಕೈ ಬಿಡಿ ಅಣ್ಣ. ಹೋದ್ರೆ ನನ್ನ ತಲೆಗೆ ಇರ್ಲಿ."

ಅನ್‌ಮೌಂಟ್ ಕೊಟ್ಟೆ. ಹೆಸರುಗಳೆಲ್ಲ ಒಮ್ಮೆಗೇ ಅಳಿದವು. ಕಣ್ಣು ಮುಚ್ಚಿಕೊಂಡೆ. ತೆರೆದಾಗ ಒಂದೇ ಹೆಸರು: ಯಂಕಪ್ಪ.

ಆಸ್ಪತ್ರೆಗೆ ಕಳಿಸಿ, ಸರಿಯಾಗಿದೆಯೇ ಎಂದು ತೆರೆದು ನೋಡಿದೆ. ನೋಡಬಾರದಿತ್ತು. ನಾನು ಡಾಕ್ಟರಲ್ಲ, ಆದರೆ ಇಂಥ ಚಿತ್ರಗಳನ್ನು ದಿನಾ ಕಾಣುತ್ತೇನೆ. ತಲೆಯ ಅರ್ಧಭಾಗ ಬಿಳುಪು; ಸ್ಕ್ಯಾನಿನಲ್ಲಿ ಅಂಥ ಬಿಳುಪೆಂದರೆ ಒಳಗೆ ಸುರಿದ ರಕ್ತ.

"ಸಿಕ್ತೇನವ್ವಾ?"

"ಸಿಕ್ತು" ಎಂದೆ, ಪರದೆಯನ್ನು ಗೋಡೆಗೆ ತಿರುಗಿಸುತ್ತ.

"ಬದುಕಿದೆ ನಮ್ಮವ್ವಾ" ಎಂದು ಮರಗಮ್ಮ ನಕ್ಕಳು. ಮಷೀನಿನ ಮೇಲಿನ ಕುಂಕುಮವನ್ನು ಬೆರಳಿಗೆ ತಗೊಂಡು ಹಣೆಗೆ ಹಚ್ಚಿಕೊಂಡು, ಆಸ್ಪತ್ರೆಯ ಕಡೆ ಓಡಿದಳು.