ಟೊರ್ಕಿಲ್‌ನ ಮನೆಯ ಹೊಗೆ

ಹೊಗೆ ಅಲ್ಲ ಅದು, ಮಂಜಿರಬೇಕು, ಡಿಸೆಂಬರಿನಲ್ಲಿ ಮಧ್ಯಾಹ್ನ ಮೂರಕ್ಕೇ ಬೆಳಕು ಸೋರಿಹೋಗುವಾಗ ಗುಡ್ಡದ ತುದಿಯಲ್ಲಿ ಏನಾದರೊಂದು ಏಳುತ್ತಲೇ ಇರುತ್ತದೆ, ಕಿಟಕಿಯ ಗಾಜಿನ ಮೇಲೆ ನನ್ನದೇ ಚಹಾ ಹಂಡೆಯ ಆವಿ ಕೂತಿದೆ, ತೋಳಿನಿಂದ ಒರೆಸಿ ಇನ್ನೊಮ್ಮೆ ನೋಡಿದರಾಯಿತು, ಒರೆಸಿದೆ, ನೋಡಿದೆ — ಹೊಗೆಯೇ. ನನ್ನ ತಮ್ಮ ಟೊರ್ಕಿಲ್‌ನ ಮನೆಯ ಹೊಗೆಗೂಡಿನಿಂದ, ನೆಟ್ಟಗೆ, ಈ ಸಭಾಭವನದ ತಗಡಿನ ಮಾಡು ಗಡಗಡ ಅನ್ನುವಷ್ಟು ಗಾಳಿ ಬೀಸುತ್ತಿದ್ದರೂ ನೆಟ್ಟಗೆ. ಬೆಳಿಗ್ಗೆ ನಾನೇ ಆ ಒಲೆಗೆ ನೀರು ಸುರಿದು ಬಂದಿದ್ದೇನೆ, ಒಂದು ಬಕೆಟ್ ಪೂರ್ತಿ, ಚೊಂಯ್ ಅಂದದ್ದು ಈಗಲೂ ಕಿವಿಯಲ್ಲಿದೆ, ಬೂದಿ ಕೆಸರಾಗಿ ಕಾಲ ಬಳಿ ಹರಿದು ಬಂತು, ಬಗ್ಗಿ ಒರೆಸಿದೆ — ಒರೆಸಿದೆನೇ? ಇಶ್ಬೆಲ್, ಚಹಾ ಎಲ್ಲಮ್ಮಾ, ಗಂಟಲು ಒಣಗ್ತಾ ಇದೆ ಇಲ್ಲಿ, ಅಂತ ಮುಂದಿನ ಸಾಲಿನಿಂದ ಲಾಕ್ಲನ್ ಕೂಗುತ್ತಾನೆ, ನಲವತ್ತು ವರ್ಷ ದೋಣಿ ನಡೆಸಿ ನಿವೃತ್ತನಾದ ಮನುಷ್ಯ, ದೋಣಿಯಲ್ಲಿ ಕೂಗಿ ಕೂಗಿ ಮೆಲ್ಲಗೆ ಮಾತಾಡುವುದನ್ನೇ ಮರೆತಿದ್ದಾನೆ. ಬಂತಪ್ಪಾ ಬಂತು, ನೀನು ಮಾತು ನಿಲ್ಲಿಸಿದ್ರೆ ತಾನೇ ಗಂಟಲು ಒದ್ದೆಯಾಗೋದು, ಅಂದೆ, ಜನ ನಕ್ಕರು, ನಾನೂ ನಕ್ಕೆ, ಲೋಟ ತುಂಬಿ ಬೆರಳ ಮೇಲೆ ಚೆಲ್ಲಿತು, ಉರಿ ಗೊತ್ತಾಗಲಿಲ್ಲ. ಮೂವತ್ತು ವರ್ಷ ಈ ದ್ವೀಪದ ಕಾಗದಪತ್ರ ಹಂಚಿದವಳು ನಾನು, ಯಾವ ಮನೆಯಲ್ಲಿ ಹೊಗೆ ಏಳುತ್ತದೆ ಯಾವುದರಲ್ಲಿ ಇಲ್ಲ ಎಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು. ಚಹಾದ ತಟ್ಟೆ ಎತ್ತಿಕೊಂಡು ಮುಂದಿನ ಸಾಲಿಗೆ ಹೋದೆ.

ವೇದಿಕೆಯ ಮೇಲೆ ಐಲ್ಸಾ ನಿಂತಿದ್ದಾಳೆ, ಶಾಲೆಯ ಟೀಚರು, ಕೋಟಿನ ಮೇಲೆ ಹಳೆಯ ಮತದಾನದ, ಬೇಕು ಅಂದವರ ನೀಲಿ ಬಿಲ್ಲೆ, ಎದುರಿಗೆ ಲಾಕ್ಲನ್, ನಡುವೆ ಭವನದ ಕಾರ್ಯದರ್ಶಿ ಯುವನ್ ಕೈಗಂಟೆ ಹಿಡಿದುಕೊಂಡು ಕೂತಿದ್ದಾನೆ, ಮಾತು ಉದ್ದವಾದರೆ ಬಾರಿಸಲು, ಇದುವರೆಗೆ ಬಾರಿಸಿಲ್ಲ, ಧೈರ್ಯ ಬೇಕಲ್ಲ. ಲಂಡನ್ನಿನಿಂದ ಬೇರೆಯಾಗಿ ಸ್ವತಂತ್ರ ದೇಶವಾಗಲು ಇನ್ನೊಂದು ಮತದಾನ ಬೇಕೋ ಬೇಡವೋ, ದ್ವೀಪಕ್ಕೆ ಹೊಸ ಜನರನ್ನು ಕರೆತರುವುದು ಹೇಗೆ, ಎರಡನ್ನೂ ಒಂದೇ ಮಧ್ಯಾಹ್ನದಲ್ಲಿ ಮುಗಿಸಬೇಕಂತೆ. ಲಂಡನ್ ಕೈಲಿ ಬಾಗಿಲ ಕೀಲಿ ಇರೋ ತನಕ ಯಾರನ್ನ ಒಳಗೆ ಕರೀಬೇಕು ಅನ್ನೋದು ನಮ್ಮ ಕೈಲಿಲ್ಲ, ಅನ್ನುತ್ತಾಳೆ ಐಲ್ಸಾ, ಅಬೆನಾ ನಮ್ಮ ನರ್ಸು, ಘಾನಾದಿಂದ ಬಂದು ನಿಮ್ಮೆಲ್ಲರ ಮಂಡಿ, ರಕ್ತದೊತ್ತಡ ನೋಡ್ತಿದಾಳೆ, ಅವಳ ಗಂಡ ಆಕ್ರಾದಲ್ಲಿ ಕೂತಿದಾನೆ, ಅವನ ಕಾಗದ ಲಂಡನ್ನಲ್ಲಿ ಯಾವುದೋ ಮೇಜಿನ ಮೇಲೆ ಕೂತಿದೆ, ದೇಶ ನಮ್ಮದಾಗಿದ್ರೆ ನಾಳೆ ಬೆಳಿಗ್ಗೆ ದೋಣಿಯಿಂದ ಇಳೀತಿದ್ದ. ಇಳೀತಿದ್ದ, ಸರಿ ತಾಯಿ, ಇಳಿದು ಎಲ್ಲಿ ಮಲಗ್ತಿದ್ದ, ನಿನ್ನ ಬಾವುಟದ ಕೆಳಗಾ, ಅನ್ನುತ್ತಾನೆ ಲಾಕ್ಲನ್, ಆಗಸ್ಟ್‌ನಿಂದ ಆ ಹೆಂಗಸು ಎರಡು ಮಕ್ಕಳನ್ನ ಕಟ್ಕೊಂಡು ಕಾರವಾನ್ ಗಾಡಿಯಲ್ಲಿದಾಳೆ, ರಾತ್ರಿ ಅದು ಹಾರಿ ಹೋಗದ ಹಾಗೆ ಹಗ್ಗ ಬಿಗಿದು ಕೊಟ್ಟೋನು ನಾನು, ಎಡಿನ್‌ಬರೋ ಆಳಿದ್ರೂ ಲಂಡನ್ ಆಳಿದ್ರೂ ಗಾಳಿ ಅದೇ, ಬೀಗ ಹಾಕಿದ ಮನೆಗಳೂ ಅವೇ, ಬನ್ನಿ ಬನ್ನಿ ಅಂತ ಬಾಯಲ್ಲಿ ಕರೆಯೋರು ಒಬ್ಬರಾದ್ರೂ ಬೀಗ ತೆಗೆದ್ರಾ? ಅವನು ನನ್ನ ಕಡೆ ನೋಡಲಿಲ್ಲ, ಒಳ್ಳೆಯವನು, ಆದರೆ ಉಳಿದವರೆಲ್ಲ ನೋಡಿದರು. ನೋಡಲಿ. ಶಾಲೆಯಲ್ಲಿ ಐದು ಮಕ್ಕಳು, ಎರಡು ಅಬೆನಾಳವು, ಜನವರಿಯೊಳಗೆ ಗಟ್ಟಿ ಗೋಡೆಯ ಮನೆ ಸಿಗದಿದ್ದರೆ ಅವಳು ಇನ್ವರ್ನೆಸ್ ಪಟ್ಟಣಕ್ಕೆ ಹೊರಡುತ್ತಾಳೆ, ಮೂರು ಮಕ್ಕಳಿಗೆ ಶಾಲೆ ನಡೆಸುವುದಿಲ್ಲ ಎಂದು ಕಾಗದ ಬಂದಿದೆ, ಶಾಲೆ ಮುಚ್ಚಿದರೆ ಆ ಮೂರರ ಅಪ್ಪಅಮ್ಮಂದಿರೂ ಗಂಟುಮೂಟೆ ಕಟ್ಟುತ್ತಾರೆ, ಆಮೇಲೆ ನಾವು ಮುದಿಗೊಡ್ಡುಗಳು ಒಬ್ಬರನ್ನೊಬ್ಬರು ಹೂಳುತ್ತಾ ಕೂರಬೇಕು. ಮಳೆ ಸೋರದ, ಒಲೆಯಿರುವ, ಯಾರೂ ಇಲ್ಲದ ಮನೆ ಇರುವುದು ಒಂದೇ, ಟೊರ್ಕಿಲ್‌ನದು, ಅವನು ಬದುಕಿಲ್ಲ ಎಂದು ಕೋರ್ಟು ಹೇಳದೆ ಅದನ್ನು ಇನ್ನೊಬ್ಬರಿಗೆ ಕೊಡುವಂತಿಲ್ಲ. ಯುವನ್‌ನ ಮುಂದಿರುವ ಹಸಿರು ಕವರಿನಲ್ಲಿ ಕೋರ್ಟಿಗೆ ಕೊಡುವ ಅರ್ಜಿ ಇದೆ, ಟೊರ್ಕಿಲ್ ತೀರಿಕೊಂಡಿದ್ದಾನೆ ಎಂದು ಅದರಲ್ಲಿ ಬರೆದಿದೆ, ಕೆಳಗೆ ನನ್ನ ಸಹಿಗೆ ಜಾಗ ಬಿಟ್ಟಿದ್ದಾರೆ.

ಏಳು ವರ್ಷ ಕಾಣೆಯಾದವನನ್ನು ಸತ್ತವನೆಂದು ಹೇಳಬಹುದು ಅನ್ನುತ್ತದೆ ಕಾನೂನು, ನಾನು ಹನ್ನೊಂದು ವರ್ಷ ಹೇಳಲಿಲ್ಲ, ಏನೀಗ? ಅವನು ಕಾಣೆಯಾದ ದಿನ ಬೆಳಿಗ್ಗೆ ರೇಡಿಯೋದಲ್ಲಿ ಮೊದಲ ಮತದಾನದ ಎಣಿಕೆ ಮುಗಿದಿತ್ತು, ಬೇಡ ಅಂದವರು ಗೆದ್ದಿದ್ದರು, ನಾನೂ ಬೇಡ ಅಂದವಳೇ, ಪಿಂಚಣಿಯ ಭಯವಿತ್ತು ನನಗೆ, ಬಾಯಿಬಿಟ್ಟು ಹೇಳಲು ಏನು ನಾಚಿಕೆ, ಅವನು ಬೇಕು ಅಂದವನು, ಇಡೀ ಬೇಸಿಗೆ ಬಾಗಿಲು ಬಾಗಿಲಿಗೆ ಹೋಗಿ, ನಮ್ಮ ದೇಶ ನಮ್ಮದಾದ್ರೆ ಜನ ಬರ್ತಾರೆ ಇಶ್ಬೆಲ್, ನನ್ನ ಮನೇಲೇ ಎರಡು ಕೋಣೆ ಖಾಲಿ ಇವೆ, ಮೊದಲನೇ ದೋಣೀಲಿ ಬಂದೋರಿಗೆ ಕೊಡ್ತೀನಿ, ಅಂತ ಕುಣಿದವನು. ಏಡಿಬೋನುಗಳನ್ನು ದೋಣಿಗೆ ಹಾಕುತ್ತಿದ್ದ, ಕಣ್ಣು ಕೆಂಪಾಗಿದ್ದವು, ರಾತ್ರಿಯೆಲ್ಲ ನಿದ್ದೆ ಮಾಡಿರಲಿಲ್ಲ, ನಾನು ಸುಮ್ಮನೆ ಗಂಜಿ ಕುಡಿ ಬಾರೋ ಅನ್ನಬಹುದಿತ್ತು, ಅನ್ನಲಿಲ್ಲ, ಸೋತೆಯಲ್ಲ, ಹೋಗು ಈಗ, ನಿನ್ನ ಸ್ವತಂತ್ರ ದೇಶ ಆ ಸಮುದ್ರದ ಮಧ್ಯ ಎಲ್ಲೋ ಇರ್ಬೇಕು, ಹೋಗಿ ಅಲ್ಲೇ ಇದ್ದುಬಿಡು ಅಂದೆ, ನನ್ನ ಈ ಹಾಳು ನಾಲಿಗೆ. ಅವನು ಕೊನೆಯ ಬೋನು ಹಾಕಿ ಹಗ್ಗ ಬಿಚ್ಚಿದ. ಸಮುದ್ರ ಕನ್ನಡಿಯ ಹಾಗಿತ್ತು ಆ ದಿನ, ಗಾಳಿಯೇ ಇರಲಿಲ್ಲ, ದೋಣಿ ಮೂರನೇ ದಿನ ಸಿಕ್ಕಿತು, ಬೋನುಗಳೆಲ್ಲ ಅದರಲ್ಲೇ ಇದ್ದವು, ಅವನಿರಲಿಲ್ಲ. ಅವನು ಹೋದ ದಿನ ಸಂಜೆ ಅವನ ಮನೆಗೆ ಹೋದಾಗ ಒಲೆಯಲ್ಲಿ ಇನ್ನೂ ಕೆಂಡ ಉಸಿರಾಡುತ್ತಿತ್ತು, ಹೊರಡುವ ಮೊದಲು ಮಲಗಿಸಿ ಹೋಗಿದ್ದ, ಅಮ್ಮ ನಮ್ಮಿಬ್ಬರಿಗೂ ಕಲಿಸಿದ ಹಾಗೆ, ಕೆಂಡವನ್ನು ಮೂರು ಪಾಲು ಮಾಡಿ, ನಡುವೆ ಜೌಗಿನಿಂದ ಕಡಿದು ಒಣಗಿಸಿದ ಉರುವಲು ಮಣ್ಣಿನ, ಪೀಟಿನ, ಒಂದೊಂದು ಹೆಂಟೆ ಇಟ್ಟು, ಬೂದಿ ಹೊದಿಸಿ, ಪ್ರಾರ್ಥನೆ ಗೊಣಗಿ. ಬೆಳಿಗ್ಗೆ ಬೂದಿ ಸರಿಸಿದರೆ ಬೆಂಕಿ ಎದ್ದು ಕೂರುತ್ತದೆ. ನಮ್ಮಲ್ಲಿ ಒಲೆ ಆರಿದರೆ ಮನೆ ಸತ್ತ ಹಾಗೆ, ಅಜ್ಜಿಯ ಅಜ್ಜಿಯ ಕಾಲದಲ್ಲಿ ಜಮೀನ್ದಾರನ ಆಳುಗಳು ಕುರಿ ಬಿಡುವುದಕ್ಕೆಂದು ಜನರನ್ನು ಒಕ್ಕಲೆಬ್ಬಿಸಿದಾಗ ಮೊದಲು ಮಾಡಿದ ಕೆಲಸ ಒಲೆಗೆ ನೀರು ಸುರಿದದ್ದು. ನಾನು ಅವನ ಬೆಂಕಿಯನ್ನು ಆರಲು ಬಿಡಲಿಲ್ಲ, ಬೆಳಿಗ್ಗೆ ಎಬ್ಬಿಸಿದೆ, ಸಂಜೆ ಮಲಗಿಸಿದೆ, ಹನ್ನೊಂದು ವರ್ಷ, ಜ್ವರ ಬಂದಾಗಲೂ. ಜನಗಣತಿಗೆ ಬಂದ ಹುಡುಗಿ ದೂರದಿಂದ ಹೊಗೆ ನೋಡಿ ಅಲ್ಲೊಬ್ಬರು ಇದಾರಲ್ವಾ ಅಂದಾಗ ಹೂಂ ಅಂದುಬಿಟ್ಟೆ, ಐಲ್ಸಾ ಈಗ ನಾವು ನಲವತ್ತೆರಡು ಜನ ಅನ್ನುತ್ತಿದ್ದಾಳಲ್ಲ, ಆ ಲೆಕ್ಕದಲ್ಲಿ ಅವನೂ ಇದ್ದಾನೆ. ಇವತ್ತು ಬೆಳಿಗ್ಗೆ ಆ ಜಮೀನ್ದಾರನ ಆಳುಗಳ ಕೆಲಸವನ್ನು ನಾನೇ ಮಾಡಿದೆ. ಕಾರವಾನ್‌ನಲ್ಲಿ ಅಬೆನಾಳ ಮಗಳು ನಿದ್ದೆಯಲ್ಲಿ ಕೆಮ್ಮುವುದು ರಸ್ತೆಯವರೆಗೆ ಕೇಳಿಸುತ್ತದೆ, ಇನ್ನು ತಡೆಯಲಾಗಲಿಲ್ಲ ನನಗೆ.

ಆದರೂ ಹೊಗೆ. ಕೈಗಳೇನಾದರೂ ಮೋಸ ಮಾಡಿದವೇ, ಹನ್ನೊಂದು ವರ್ಷದ ಅಭ್ಯಾಸ, ತಲೆ ನೀರು ಸುರಿ ಅಂದಿತು, ಕೈಗಳು ತಮ್ಮಷ್ಟಕ್ಕೆ ಬೂದಿ ಹೊದಿಸಿ ಬಂದವೇ, ಗಾಳಿ ಹೊಕ್ಕು ಕೆಂಡ ಎದ್ದಿದೆಯೇ, ಇದ್ದರೂ ಇರಬಹುದು, ಅರವತ್ತಾರು ವರ್ಷ ನನಗೆ, ಮೊನ್ನೆ ಕನ್ನಡಕವನ್ನು ಬ್ರೆಡ್ಡಿನ ಡಬ್ಬದಲ್ಲಿಟ್ಟಿದ್ದೆ. ಆದರೆ ಚೊಂಯ್ ಅಂದದ್ದು? ಬಕೆಟ್ಟಿನ ತಣ್ಣನೆ ಹಿಡಿ? ಅಬೆನಾ ಮಗಳ ಕೈ ಹಿಡಿದುಕೊಂಡು ಚಹಾ ಮೇಜಿನ ಹತ್ತಿರ ಬಂದಳು, ಎತ್ತರದ ಹೆಂಗಸು, ಎರಡು ಸ್ವೆಟರಿನ ಮೇಲೆ ಲಾಕ್ಲನ್‌ನ ಹಳೆಯ ಕೋಟು, ಮೆಲ್ಲಗೆ, ಯಾರಿಗೂ ಕೇಳದ ಹಾಗೆ, ತುಂಬಾ ಥ್ಯಾಂಕ್ಸ್ ಇಶ್ಬೆಲ್, ನೀವಿನ್ನೂ ಏನೂ ಹೇಳಿಲ್ಲ, ಗೊತ್ತು, ನೀವು ಇಲ್ಲ ಅಂದ್ರೂ ನನಗೆ ಬೇಜಾರಿಲ್ಲ, ಆದ್ರೂ ಥ್ಯಾಂಕ್ಸ್. ಯಾಕಮ್ಮಾ ಥ್ಯಾಂಕ್ಸು, ಸ್ಕೋನಿಗಾ, ಬೆಣ್ಣೆ ಹಚ್ಕೋ, ಅಂದೆ. ಬೆಂಕಿಗೆ, ಅಂದಳು, ಮಧ್ಯಾಹ್ನ ಯುವನ್ ಆ ಮನೆ ತೋರಿಸೋಕೆ ಕರ್ಕೊಂಡು ಹೋಗಿದ್ರು, ನಿಮ್ಮನ್ನ ಕೇಳದೆ ಒಳಗೆ ಹೋಗೋದು ಬೇಡ ಅಂತ ಕಿಟಕಿಯಿಂದಷ್ಟೇ ನೋಡಿದ್ವಿ, ಎಷ್ಟು ಚೆನ್ನಾಗಿ ಉರೀತಿತ್ತು, ನಾಲ್ಕು ಹೆಂಟೆ ನಿಲ್ಲಿಸಿ ಮೇಲೊಂದು ಅಡ್ಡ ಇಟ್ಟಿದ್ರಲ್ಲ, ಪುಟ್ಟ ಮನೆ ಕಟ್ಟಿದ ಹಾಗೆ, ನಾವು ಬರ್ತೀವಿ ಅಂತಾನೇ ಹಚ್ಚಿದ್ರಿ ಅನ್ಕೊಂಡೆ. ನನ್ನ ಕೈಯಿಂದ ಬೆಣ್ಣೆ ಚಾಕು ಬಿತ್ತು. ನಾನು ಮೂರು ಹೆಂಟೆ ಒರಗಿಸಿ ಇಡುವವಳು, ಅಮ್ಮನೂ ಹಾಗೇ ಇಡುತ್ತಿದ್ದಳು, ನಾಲ್ಕು ನಿಲ್ಲಿಸಿ ಐದನೆಯದನ್ನು ಅಡ್ಡ ಇಡುವ ಸೊಕ್ಕು ಒಬ್ಬನಿಗೇ ಇತ್ತು, ಹಾಗಿಟ್ರೆ ಹೆಂಟೆ ದಂಡ ಕಣೋ ಅಂತ ನಾನು ಬೈದರೆ, ಬೆಂಕಿಗೂ ಒಂದು ಸೂರು ಬೇಡ್ವೇನೇ ಅನ್ನುತ್ತಿದ್ದವನಿಗೆ. ಆ ಹುಡುಗಿ ಅಡ್ವೋವಾ, ಏಳು ವರ್ಷದ್ದು, ಚಾಕು ಎತ್ತಿ ಕೊಡುತ್ತಾ, ಕಿಟಕಿ ಗಾಜು ಬೆಚ್ಚಗಿತ್ತು ಅಜ್ಜಿ, ನಾನು ಎರಡೂ ಕೈ ಇಟ್ಟೆ, ಆದ್ರೆ ನೆಲ ಎಲ್ಲ ಒದ್ದೆ, ಬಾಗಿಲಿಂದ ಕುರ್ಚಿ ತನಕ ಒದ್ದೆ, ಯಾರೂ ಒರೆಸಿಲ್ಲ, ಅಂದಿತು. ನಾನು ನೀರು ಸುರಿದದ್ದು ಒಲೆಗೆ, ಬಾಗಿಲು ಇರುವುದು ಆ ಕಡೆ ಗೋಡೆಯಲ್ಲಿ, ಬಕೆಟ್ ತುಳುಕಿತೇ, ತುಳುಕಿರಬೇಕು, ಹೌದು, ಕಂಠಮಟ್ಟ ತುಂಬಿಸಿದ್ದೆನಲ್ಲ. ಮಗುವಿಗೆ ಎರಡನೇ ಸ್ಕೋನ್ ಕೊಟ್ಟು ಕಳಿಸಿದೆ.

ಯಾರು ಹಚ್ಚಿದರು, ಯಾರೋ ಹಚ್ಚಿರಬೇಕು, ಹುಡುಗಾಟಕ್ಕೋ ಒಳ್ಳೆ ಮನಸ್ಸಿನಿಂದಲೋ, ಹಚ್ಚಿದವರು ಈಗಲೂ ಅಲ್ಲೇ ಇರಬೇಕು, ಇಷ್ಟು ದಪ್ಪ ಹೊಗೆ ಬರಬೇಕಾದರೆ ಈ ಗಳಿಗೆಯಲ್ಲಿ ಯಾರೋ ಹೆಂಟೆ ಹಾಕುತ್ತಿರಬೇಕು, ಹಾಗಾದರೆ ಇಲ್ಲಿ ಯಾರಿಲ್ಲ, ಸಾಲು ಸಾಲು ನೋಡುತ್ತೇನೆ, ಕಾಗದ ಹಂಚುವ ಕ್ರಮದಲ್ಲೇ, ಬಂದರಿನಿಂದ ಶುರು ಮಾಡಿ ಗುಡ್ಡದವರೆಗೆ, ಒಂದೊಂದು ಮನೆ, ಒಂದೊಂದು ಮುಖ, ಹಾಸಿಗೆ ಹಿಡಿದ ಪೆಗ್ಗಿಯನ್ನೂ ಗಾಲಿಕುರ್ಚಿಯಲ್ಲಿ ತಂದು ಹೀಟರಿನ ಪಕ್ಕ ಕೂರಿಸಿದ್ದಾರೆ, ಎಲ್ಲರೂ ಇದ್ದಾರೆ, ಯುವನ್ ಕೇಕ್ ಇದೆ ಅಂದಿದ್ದನಲ್ಲ, ಎಲ್ಲರೂ. ದೋಣಿ ಮೂರು ದಿನದಿಂದ ಬಂದಿಲ್ಲ. ಗುಡ್ಡದ ಮೇಲೆ ಯಾರೂ ಇರಲು ಸಾಧ್ಯವಿಲ್ಲ, ಮತ್ತೆ ಹೊಗೆ, ಕಿಟಕಿಯಲ್ಲಿ, ನೆಟ್ಟಗೆ, ಬೆಳ್ಳಗೆ. ಬಂದನೇ? ಈ ಮಾತನ್ನು ನಾನೇ ಅಂದುಕೊಂಡೆನೇ, ಥೂ ನಿನ್ನ, ಮುದುಕಿ, ಹುಚ್ಚು ಹಿಡಿಯಿತು ನಿನಗೆ, ಆದರೂ ಎದೆ ಕೇಳುವುದಿಲ್ಲ, ಬಂದಿದ್ದರೆ, ಒದ್ದೆ ಬಟ್ಟೆಯಲ್ಲಿ ಬಾಗಿಲಿನಿಂದ ಕುರ್ಚಿಯವರೆಗೆ ನಡೆದು, ನಾನು ಆರಿಸಿದ್ದನ್ನು ನೋಡಿ, ಮತ್ತೆ ಹಚ್ಚಿಕೊಂಡು ಕೂತಿದ್ದರೆ, ಈಗಲೇ ಓಡಿದರೆ ಇಪ್ಪತ್ತು ನಿಮಿಷದ ದಾರಿ, ಓಡಲು ಕಾಲೆಲ್ಲಿ. ಇಶ್ಬೆಲ್, ಅಂದ ಯುವನ್, ಗಂಟೆ ಕೆಳಗಿಟ್ಟು, ಹಸಿರು ಕವರು ಕೈಗೆತ್ತಿಕೊಂಡು, ಬಲವಂತ ಇಲ್ಲ, ಎಲ್ಲರೆದುರಿಗೆ ಕೇಳ್ತಿದೀನಿ ಅಂತ ಬೇಜಾರು ಮಾಡ್ಕೋಬೇಡಿ, ಆ ಮನೇಲಿ ಯಾರಾದ್ರೂ ಇದಾರಾ, ನೀವು ಹೇಳಿದ ಹಾಗೆ ನಾವು. ಚಹಾ ಹಂಡೆ ಗೊರಗೊರ ಅನ್ನುತ್ತಿತ್ತು, ಆ ಹುಡುಗಿ ಕೆಮ್ಮಿತು, ಬಾಯಿಗೆ ಕೈ ಅಡ್ಡ ಹಿಡಿದು, ಸದ್ದಾಗದ ಹಾಗೆ ಕೆಮ್ಮಲು ಕಲಿತಿದೆ ಅದು, ಇಕ್ಕಟ್ಟಿನ ಜಾಗದಲ್ಲಿ ಮಲಗಿದ ಮಕ್ಕಳಿಗೆ ಮಾತ್ರ ಅದು ಬರುತ್ತದೆ. ನಾನು ಕಿಟಕಿಗೆ ಬೆನ್ನು ಹಾಕಿದೆ. ಯಾರೂ ಇಲ್ಲ, ಅಂದೆ, ಗಟ್ಟಿಯಾಗಿ, ಲಾಕ್ಲನ್‌ನಷ್ಟೇ ಗಟ್ಟಿಯಾಗಿ, ನನ್ನ ತಮ್ಮ ಸತ್ತು ಹನ್ನೊಂದು ವರ್ಷ ಆಯ್ತು, ಮನೆ ಅವಳಿಗೆ ಕೊಡಿ, ಪೆನ್ನು ತಾ ಇಲ್ಲಿ. ಚಪ್ಪಾಳೆ, ಬೇಕು ಅಂದವರೂ ಬೇಡ ಅಂದವರೂ ಒಟ್ಟಿಗೆ, ಅಬೆನಾ ಮುಖ ಮುಚ್ಚಿಕೊಂಡಿದ್ದಾಳೆ, ಲಾಕ್ಲನ್ ಮೂಗು ಸೀಟುತ್ತಿದ್ದಾನೆ, ಐಲ್ಸಾ ನನ್ನನ್ನು ತಬ್ಬಿ ಏನೋ ಹೇಳುತ್ತಿದ್ದಾಳೆ, ಅವಳ ಹೆಗಲ ಮೇಲಿಂದ ಕಿಟಕಿ ಕಾಣುತ್ತಿದೆ, ಹೊಗೆ ಬುಡದಲ್ಲಿ ಕಡಿದಿದೆ, ಗಾಳಿಗೆ ಚದುರಿದ್ದಲ್ಲ, ಬುಡದಿಂದ ಕಡಿದಿದೆ, ಮೇಲಿನ ತುಂಡು ಮಾತ್ರ ಇನ್ನೂ ಏರುತ್ತಿದೆ, ಕೆಳಗೆ ಏನೂ ಇಲ್ಲ, ಯಾರೋ ಬಗ್ಗಿ ಕುಳಿತು ಮೂರು ಪಾಲು ಮಾಡಿ ಬೂದಿ ಹೊದಿಸಿದಾಗ ಹೀಗೆಯೇ ನಿಲ್ಲುವುದು, ಹೀಗೆಯೇ — ಟೊರ್ಕಿಲ್, ನಿನಗಲ್ಲ ಕಣೋ ಅಂದದ್ದು, ಆ ಮಗುವಿಗಾಗಿ ಅಂದದ್ದು, ಕೇಳಿಸಿಕೊಂಡೆಯಾ, ಅಲ್ಲಿಯವರೆಗೂ ಕೇಳಿಸಿತೇ, ಹೋಗಬೇಡ್ವೋ — ಪೆನ್ನು ಕೈಗೆ ಬಂದಿದೆ, ಜಾಗ ತೋರಿಸುತ್ತಿದ್ದಾರೆ, ಇಲ್ಲಿ ಇಶ್ಬೆಲ್, ಈ ಗೆರೆ ಮೇಲೆ, ಗೆರೆ ಕಾಣುತ್ತಿಲ್ಲ ನನಗೆ, ಹೊಗೆಗೂಡು ಕಾಣುತ್ತಿದೆ, ಬರಿದಾದ ಹೊಗೆಗೂಡು, ಅದರ ಮೇಲೆ ಆಕಾಶ, ಹೊಗೆಗೂಡು.