ದೇವರ ಮನೆಯ ಪ್ಲಗ್ಗು ಮತ್ತು ಅರುಂಧತಿ

ಏಳು ಸಮುದ್ರದ ಆಚೆಗೇನೂ ಅಲ್ಲ, ಬನಶಂಕರಿ ಎರಡನೇ ಹಂತದಲ್ಲೇ, ನೀರಿನ ಟ್ಯಾಂಕ್ ದಾಟಿ ಎಡಕ್ಕೆ ತಿರುಗಿದರೆ ಸಿಗುವ ಅಡ್ಡರಸ್ತೆಯಲ್ಲಿ ಒಬ್ಬ ರಾಜನಿದ್ದ. ಮೂವತ್ತು ನಲವತ್ತರ ಸೈಟು ಅವನ ರಾಜ್ಯ. ಆ ರಾಜ್ಯದಲ್ಲಿ ಇಪ್ಪತ್ತೇಳು ಸ್ವಿಚ್ಚುಗಳು. ರಾತ್ರಿ ಒಂಬತ್ತೂವರೆಗೆ ರಾಜ ದಂಡಯಾತ್ರೆ ಹೊರಟನೆಂದರೆ ಇಪ್ಪತ್ತೈದು ಸ್ವಿಚ್ಚುಗಳು ಟಕ್ ಟಕ್ ಎಂದು ಶರಣಾಗಬೇಕು. ಫ್ರಿಜ್ಜಿಗೆ ಹಾಲಿನ ದೆಸೆಯಿಂದ ಮಾಫಿ. ಇಪ್ಪತ್ತೇಳನೆಯದರ ಕಥೆ ಆಮೇಲೆ ಬರುತ್ತದೆ. ಕತ್ತಲಲ್ಲಿ ಟೀವಿಯದೋ ಚಾರ್ಜರಿನದೋ ಒಂದು ಕೆಂಪು ಚುಕ್ಕಿ ಮಿನುಗಿತೋ, ರಾಜನಿಗೆ ಅದು ತನ್ನ ಮೇಲೆ ಸಾರಿದ ಯುದ್ಧ.

ರಾಜನ ಹೆಸರು ಏಕಾಂತಯ್ಯ, ನಿವೃತ್ತ ಹೆಡ್‌ಮಾಸ್ಟರು, ವಯಸ್ಸು ಎಂಬತ್ಮೂರು. ರಾಣಿ ನೀಲಗಂಗಮ್ಮ. ರಾಣಿಯ ಹತ್ತಿರ ಒಂದು ಗುಟ್ಟಿತ್ತು. ಗುಟ್ಟು ಗೊತ್ತಿದ್ದದ್ದು ಮೊಮ್ಮಗಳು ಜ್ಯೋತ್ಸ್ನಾಗೆ ಮಾತ್ರ.

ಅಪ್ಪ ಅಮ್ಮ ಕೆಲಸದ ಮೇಲೆ ಊರೂರು ಸುತ್ತುವವರಾದ್ದರಿಂದ ಜ್ಯೋತ್ಸ್ನಾ ಬೆಳೆದದ್ದು ಅಜ್ಜಿಯ ಕಥೆಗಳ ಒಳಗೆ. ಈಗ ಇಪ್ಪತ್ತಾರು ತುಂಬಿದರೂ ಪೂರ್ತಿ ಹೊರಗೆ ಬಂದಿರಲಿಲ್ಲ. ಜಯನಗರದ ಒಂದು ಪ್ರೆಸ್ಸಿನಲ್ಲಿ ಮದುವೆ ಕಾರ್ಡುಗಳಿಗೆ ಡಿಸೈನ್ ಮಾಡುತ್ತಿದ್ದಳು. ಸಂಜೆಯಾದರೆ ತಾರಸಿ. ಪ್ರೆಸ್ಸಿಗೆ ಬರುವ ಫೋಟೊಗ್ರಾಫರೊಬ್ಬರು ಮೂಲೆಗೆ ಹಾಕಿದ್ದ ಹಳೇ ಕ್ಯಾಮೆರಾ ಅಗ್ಗಕ್ಕೆ ಸಿಕ್ಕಿತ್ತು. ಅದಕ್ಕೆ ಸ್ಟ್ಯಾಂಡು ಕೊಳ್ಳುವಷ್ಟು ಕೈಯಲ್ಲಿರಲಿಲ್ಲ. ಹಾಗಾಗಿ ತಾರಸಿಯ ಮೇಲೆ ಅನಾಥವಾಗಿ ಬಿದ್ದಿದ್ದ ಒರಳುಕಲ್ಲನ್ನು ಬೋರಲು ಹಾಕಿ, ಮೇಲೊಂದು ರಾಗಿಯ ಚೀಲ ಇಟ್ಟು, ಚೀಲದ ಮೇಲೆ ಕ್ಯಾಮೆರಾ ಕೂರಿಸಿ ನಕ್ಷತ್ರಗಳ ಫೋಟೊ ತೆಗೆಯುತ್ತಿದ್ದಳು. ಒರಳು ಅಲ್ಲಾಡುತ್ತಿರಲಿಲ್ಲ. ರಾಗಿ ಮಾತ್ರ ಮರುದಿನ ಮುದ್ದೆಯಾಗಿಬಿಡುವ ಅಪಾಯವಿತ್ತು.

ಗುಟ್ಟು ಹೊರಬಿದ್ದದ್ದು ಏಪ್ರಿಲ್‌ನಲ್ಲಿ, ಅದೇ ತಾರಸಿಯ ಮೇಲೆ, ಸಂಡಿಗೆ ಇಡುವಾಗ. ಮೇ ತಿಂಗಳಿಗೆ ತಾತ ಅಜ್ಜಿಯ ಮದುವೆಯಾಗಿ ಅರವತ್ತು ವರ್ಷ. ಭಾನುವಾರದ ದಿನ ನೋಡಿ ಮನೆಮಂದಿಯನ್ನೆಲ್ಲ ಕರೆಸಿ ಶಾಸ್ತ್ರ ಮಾಡುವುದೆಂದು ತೀರ್ಮಾನವಾಗಿತ್ತು.

"ಅಯ್ನೋರು ಮತ್ತೆ ಅರುಂಧತಿ ತೋರಿಸ್ತಾರಂತೆ ಪುಟ್ಟಿ" ಎಂದರು ಅಜ್ಜಿ, ಸಂಡಿಗೆ ಹಿಟ್ಟಿನ ಕೈಯನ್ನು ಗಾಳಿಯಲ್ಲೇ ನಿಲ್ಲಿಸಿ. "ಆವತ್ತು ಬೆಳಗ್ಗೆ ಹತ್ತೂವರೆ ಮುಹೂರ್ತ. ಬಿಸಿಲು ಅಂದ್ರೆ ಬಿಸಿಲು. ನಿಮ್ಮ ತಾತ ಆಕಾಶಕ್ಕೆ ಬೆರಳು ತೋರ್ಸಿದ್ರು. ಕಾಣಿಸ್ತಾ ಅಂದ್ರು ಅಯ್ನೋರು. ಹಿಂದ್ಗಡೆಯಿಂದ ನಮ್ಮತ್ತೆ, ಪಂಕ್ತಿಗೆ ಹೊತ್ತಾಯ್ತು ಅಂತ ತಿವೀತಿದ್ರು. ಕಾಣಿಸ್ತು ಅಂದ್ಬಿಟ್ಟೆ."

"ಎಲ್ರೂ ಹಂಗೇ ಅನ್ನೋದು ಅಜ್ಜಿ. ಹಗಲಲ್ಲಿ ಯಾರಿಗೆ ಕಾಣುತ್ತೆ?"

"ಎಲ್ರ ಮಾತು ಎಲ್ರಿಗೆ. ನಿಮ್ಮ ತಾತ ಮನೆಗೆ ಬಂದೋರಿಗೆಲ್ಲ ಹೇಳ್ಕೊಂಡು ಬಂದಿದ್ದಾರೆ, ನಾನು ತೋರಿಸ್ದೆ, ಇವಳು ಒಂದೇ ಏಟಿಗೆ ಹಿಡಿದ್ಲು ಅಂತ. ಈಗ ಇನ್ನೊಂದ್ಸಲ ಕಾಣಿಸ್ತು ಅನ್ನಕ್ಕೆ ನಂಗೆ ಬಾಯಿ ಬರಲ್ಲ. ಹದಿನೇಳರಲ್ಲಿ ಹೇಳಿದ ಸುಳ್ಳನ್ನ ಶಿವ ಮರೀತಾನೆ. ಎಪ್ಪತ್ತೇಳರಲ್ಲಿ ಹೇಳಿದ್ದನ್ನ ಬರೆದಿಟ್ಕೋತಾನೆ."

ಕತ್ತೆತ್ತಿದರೆ ಅಜ್ಜಿಗೆ ತಲೆಸುತ್ತು. ಎತ್ತಿದರೂ ಬನಶಂಕರಿಯ ಆಕಾಶ ರಾತ್ರಿಯೆಲ್ಲ ಕಿತ್ತಳೆ ಬಣ್ಣ. ಜ್ಯೋತ್ಸ್ನಾ ಯೋಚಿಸಲೇ ಇಲ್ಲ. "ಶಾಸ್ತ್ರದ ದಿನದೊಳಗೆ ನಿಂಗೆ ಅರುಂಧತೀನ ಟೀವೀಲಿ ತೋರಿಸ್ತೀನಿ" ಎಂದು ಮಾತು ಕೊಟ್ಟುಬಿಟ್ಟಳು. ತಾತನಿಗೆ ಹೇಳಕೂಡದೆಂದು ಅಜ್ಜಿ ಹಿಟ್ಟಿನ ಕೈಯನ್ನೇ ಅವಳ ತಲೆಯ ಮೇಲಿಟ್ಟು ಆಣೆ ಹಾಕಿಸಿಕೊಂಡರು. ಜ್ಯೋತ್ಸ್ನಾ ಎರಡು ಸಲ ತಲೆ ತೊಳೆಯಬೇಕಾಯಿತು.

ಮೇ ಮೊದಲ ವಾರವೆಲ್ಲ ಸಂಜೆ ಮಳೆ. ಎರಡನೆಯ ವಾರ ಒಂದು ದಿನ ಎಂಟೂವರೆಗೆ ಉತ್ತರದ ಮೋಡ ಸರಿದು ಸಪ್ತರ್ಷಿ ಮಂಡಲ ಇಣುಕಿತು. ಮೊದಲ ಫೋಟೊವನ್ನು ಜ್ಯೋತ್ಸ್ನಾ ಓಡಿ ಹೋಗಿ ಅಜ್ಜಿಗೆ ತೋರಿಸಿದಳು. ಅಜ್ಜಿ ಬಹಳ ಹೊತ್ತು ನೋಡಿದರು.

"ಕೇಸರಿಬಾತಿನ ಮೇಲೆ ಹಸೀ ರವೆ ಚೆಲ್ಲಿದಂಗಿದೆ. ಇದ್ರಲ್ಲಿ ಯಾವ್ದು ನಕ್ಷತ್ರ, ಯಾವ್ದು ರವೆ?"

"ಇದು, ಇಲ್ಲಿ. ಅನ್ಸುತ್ತೆ."

"ಅನ್ಸುತ್ತೆ ಅನ್ನೋದನ್ನ ಒಂದ್ಸಲ ಒಪ್ಪಿಕೊಂಡೇ ಈ ಗತಿ ಬಂದಿರೋದು."

ಇದಕ್ಕೆ ಉಪಾಯವಿತ್ತು. ಒಂದೇ ಜಾಗದ ನೂರಾರು ಫೋಟೊ ತೆಗೆದು, ಒಂದರ ಮೇಲೊಂದು ಹೊಂದಿಸುವುದು. ಕ್ಯಾಮೆರಾ ತಾನಾಗಿ ಹುಟ್ಟಿಸಿದ ಚುಕ್ಕಿ ಒಂದರಲ್ಲಿದ್ದರೆ ಇನ್ನೊಂದರಲ್ಲಿರುವುದಿಲ್ಲ. ನಿಜವಾದ ನಕ್ಷತ್ರ ಎಲ್ಲದರಲ್ಲೂ ಇರುತ್ತದೆ. ಸುಳ್ಳೆಲ್ಲ ಅಳಿಸಿಹೋಗಿ ನಿಜ ಉಳಿಯುತ್ತದೆ ಎಂದಾಗ ಅಜ್ಜಿ, "ಹಂಗಾದ್ರೆ ಅದೇ ಮಾಡು" ಎಂದರು. ಜ್ಯೋತ್ಸ್ನಾ ಐನೂರ ನಲವತ್ತು ಫೋಟೊ ತೆಗೆದಳು.

ಹೊಂದಿಸುವ ಕೆಲಸ ಮನೆಯ ಸರ್ವರಿನದು. ಸರ್ವರೆಂದರೆ ಪ್ರೆಸ್ಸಿನವರು ಗುಜರಿಗೆ ಹಾಕಲಿದ್ದ ಒಂದು ಲ್ಯಾಪ್‌ಟಾಪು. ಪರದೆ ಬಿರುಕು, ಬ್ಯಾಟರಿ ಉಬ್ಬಿ ಕಿತ್ತೆಸೆದಾಗಿತ್ತು. ಮನೆಯ ಫೋಟೊ, ಅಜ್ಜಿಯ ವಚನಗಳ ಹಾಡು ಎಲ್ಲ ಅದರೊಳಗೇ ಇದ್ದು, ವೈಫೈ ಮೂಲಕ ಟೀವಿಗೆ ಬರುತ್ತಿದ್ದವು. ಒಂದೊಂದು ಫೋಟೊ ಹೊಂದಿಸಲು ಅದಕ್ಕೆ ನಾಲ್ಕು ನಿಮಿಷ. ಒಟ್ಟು ಮೂವತ್ತಾರು ಗಂಟೆ. ನಡುವೆ ಕರೆಂಟು ತಪ್ಪಿದರೆ ಮತ್ತೆ ಮೊದಲಿನಿಂದ.

ಮೂವತ್ತಾರು ಗಂಟೆ ಎಂದರೆ ನಡುವೆ ಒಂದಾದರೂ ಒಂಬತ್ತೂವರೆ ಬಂದೇ ಬರುತ್ತದೆ.

ಸೋಮವಾರ ಟೀವಿಯ ಕೆಳಗಿಟ್ಟಳು. ಆರಿಹೋಯಿತು. ಮಂಗಳವಾರ 'ದಯವಿಟ್ಟು ಆರಿಸಬೇಡಿ' ಎಂದು ಚೀಟಿ ಅಂಟಿಸಿದಳು. ಬೆಳಗ್ಗೆ ಕೇಳಿದರೆ ತಾತ, "ಚೀಟಿ ಇತ್ತಮ್ಮ. ಓದಕ್ಕೆ ಲೈಟ್ ಬೇಕಿತ್ತು, ಲೈಟ್ ಆಗ್ಲೇ ಆರಿಸಿದ್ದೆ" ಎಂದರು. ಬುಧವಾರ ಅಟ್ಟದ ಮೇಲೆ ಬಚ್ಚಿಟ್ಟು ಉದ್ದನೆ ವೈರು ಎಳೆದಳು. ತಾತ ವೈರು ಹಿಡಿದುಕೊಂಡೇ ಹೋಗಿ, ಸ್ಟೂಲು ಹತ್ತಿ ಕಿತ್ತರು.

"ಆಫೀಸ್ ಕೆಲಸ ತಾತ. ಅರ್ಜೆಂಟು."

"ಆಫೀಸ್ ಕೆಲಸ ಆಫೀಸಲ್ಲಿ. ನಾನೇನು ಸ್ಕೂಲನ್ನ ಮನೆಗೆ ಹೊತ್ಕೊಂಡು ಬರ್ತಿದ್ನಾ?"

ಗುರುವಾರ ಜ್ಯೋತ್ಸ್ನಾ ಅಡುಗೆಮನೆಯಲ್ಲಿ ಮುಖ ಸಪ್ಪಗೆ ಮಾಡಿಕೊಂಡು ಕೂತಳು. ಭಾನುವಾರಕ್ಕೆ ಮೂರೇ ದಿನ. ಹುರುಳಿಕಾಯಿ ಮುರಿಯುತ್ತಿದ್ದ ಅಜ್ಜಿ ತಲೆ ಎತ್ತದೆ ಹೇಳಿದರು: "ಅವರು ಮುಟ್ಟದೇ ಇರೋ ಸ್ವಿಚ್ಚು ಒಂದಿದೆಯಲ್ಲೇ."

ಅದೇ ಇಪ್ಪತ್ತೇಳನೆಯದು. ದೇವರ ಮನೆಯಲ್ಲಿ ಗುರುಗಳ ಫೋಟೊದ ಮುಂದೆ ಹಗಲೂ ರಾತ್ರಿ ಉರಿಯುವ ಕೆಂಪು ಜೀರೊ ಬಲ್ಬಿನ ಸ್ವಿಚ್ಚು. ಜ್ಯೋತ್ಸ್ನಾಳ ಅಪ್ಪ ಹುಟ್ಟಿದ ವರ್ಷ ಹಾಕಿದ್ದು, ಆರಿದ್ದೇ ಇಲ್ಲ. ಪಕ್ಕದಲ್ಲಿ ಅದೇ ಕಾಲದ ಕಪ್ಪು ಸಾಕೆಟ್, ಸ್ವಲ್ಪ ಸಡಿಲ. ರಾತ್ರಿ ಒಂಬತ್ತಕ್ಕೆ ಲ್ಯಾಪ್‌ಟಾಪು ಗುರುಗಳ ಫೋಟೊದ ಹಿಂದೆ ಕೂತಿತು. ದೇವರ ಮನೆಗೆ ಬಂದದ್ದು ಬರೀ ಮೈಯಲ್ಲಿರಬಾರದೆಂದು ಅಜ್ಜಿ ಅದಕ್ಕೆ ಮೂರು ಬೆರಳು ವಿಭೂತಿ ಎಳೆದು ಒಂದು ಕಣಗಿಲೆ ಹೂ ಇಟ್ಟರು. ಒಂಬತ್ತೂವರೆಯ ದಂಡಯಾತ್ರೆ ದೇವರ ಮನೆಯ ಹೊಸ್ತಿಲಿಗೆ ಬಂದು, ಕೈಮುಗಿದು, ಹಿಂತಿರುಗಿತು.

ಶುಕ್ರವಾರ ಬೆಳಗ್ಗೆ ತಾತ ಲಿಂಗಪೂಜೆ ಮುಗಿಸಿ ಹೊರಬಂದಾಗ ಉಪ್ಪಿಟ್ಟಿಗೆ ಉಪ್ಪು ಸಾಲದೆಂದು ಹೇಳಲಿಲ್ಲ. ಸುಮ್ಮನೆ ತಿಂದರು. ಆಮೇಲೆ ಮೆಲ್ಲಗೆ, "ಗಂಗಾ, ಕಣ್ಮುಚ್ಚಿದ್ರೆ ಒಳಗೆ ಮ್‌ಮ್‌ಮ್ ಅಂತ ನಾದ. ನಿಂಗೂ ಕೇಳಿಸ್ತಾ?" ಎಂದರು.

ತಾತನಿಗೆ ಹೋದ ತಿಂಗಳಷ್ಟೇ ಕಿವಿಗೆ ಹೊಸ ಮೆಷಿನ್ ಹಾಕಿಸಿದ್ದರು. ಫೋಟೊದ ಹಿಂದಿದ್ದ ಲ್ಯಾಪ್‌ಟಾಪಿನ ಫ್ಯಾನಿನ ಸದ್ದನ್ನು ಅದು ಹೆಕ್ಕಿ ಹೆಕ್ಕಿ ಕೊಡುತ್ತಿತ್ತು. ಜ್ಯೋತ್ಸ್ನಾ ಅಜ್ಜಿಗೆ ಕಣ್ಣಲ್ಲೇ ಬೇಡವೆಂದಳು.

"ಕೇಳಿಸ್ತಿದೆ" ಎಂದರು ಅಜ್ಜಿ.

ತಾತ ಹೋದ ಮೇಲೆ ಜ್ಯೋತ್ಸ್ನಾ ತಲೆ ಹಿಡಿದುಕೊಂಡಳು. "ಇಲ್ಲ ಅಂದಿದ್ರೆ ಏನಾಗ್ತಿತ್ತು ಅಜ್ಜಿ?"

"ಸುಳ್ಳು ಹೇಳ್ಬಾರ್ದು ಅಂತ ತಾನೆ ಇಷ್ಟೆಲ್ಲ ಮಾಡ್ತಿರೋದು?"

ತಾತ ಸುಮ್ಮನೆ ನಂಬುವ ಆಸಾಮಿಯಲ್ಲ. ಆಟೋ ಹಿಡಿದು ಅಂಗಡಿಗೆ ಹೋಗಿ ಮೆಷಿನ್ ಪರೀಕ್ಷೆ ಮಾಡಿಸಿದರು. ಮೆಷಿನ್ ಸರಿಯಾಗಿದೆ ಎಂದರು ಅಂಗಡಿಯವರು. ಅಲ್ಲಿಗೆ ಓಂಕಾರವೆಂಬುದು ಖಾತ್ರಿಯಾಯಿತು. ಶನಿವಾರ ಬೆಳಗ್ಗೆ ಎಂಟಕ್ಕೆ ಹಿಂದಿನ ರಸ್ತೆಯ ಸ್ನೇಹಿತ ಗಂಗಾಧರಯ್ಯನವರನ್ನು ಸ್ನಾನ ಮಾಡಿಸಿಯೇ ಕರೆತಂದರು.

ಗಂಗಾಧರಯ್ಯ ದೇವರ ಮನೆಯಲ್ಲಿ ಕಣ್ಣುಮುಚ್ಚಿ ಕೂತರು. ಜ್ಯೋತ್ಸ್ನಾ ಬಾಗಿಲ ಮರೆಯಲ್ಲಿ ಮೊಬೈಲು ನೋಡುತ್ತಿದ್ದಳು. ಐನೂರ ಮೂವತ್ತು ಮುಗಿದಿತ್ತು. ಇನ್ನು ಹತ್ತು, ನಲವತ್ತು ನಿಮಿಷ.

"ಏಕಾಂತಯ್ಯನೋರೆ" ಎಂದರು ಗಂಗಾಧರಯ್ಯ, ಬೋಳುತಲೆ ಸವರಿಕೊಂಡು. "ಓಂಕಾರಕ್ಕೆ ಬಿಸಿಗಾಳಿ ಬರುತ್ತಾ?"

"ಅಂದ್ರೆ?"

"ನೆತ್ತಿ ಮೇಲೆ ಬುಸ್ ಅಂತಿದೆ ಸ್ವಾಮಿ."

ಗುರುಗಳ ಫೋಟೊ ಸರಿಸಿದರೆ, ವಿಭೂತಿ ಧರಿಸಿ ಹೂ ಮುಡಿದ ಲ್ಯಾಪ್‌ಟಾಪು. ತಾತನ ಮುಖ ಮೊದಲು ಬಿಳುಪಾಯಿತು, ಆಮೇಲೆ ಕೆಂಪಾಯಿತು. ಸಾಕೆಟ್ಟಿಗೆ ಕೈ ಹಾಕಿ ಪ್ಲಗ್ಗನ್ನು ಅರ್ಧ ಎಳೆದಿದ್ದರು.

"ಕೀಳಬೇಡೀಂದ್ರೆ" ಎಂದರು ಅಜ್ಜಿ ಬಾಗಿಲಲ್ಲಿ ನಿಂತು. "ಅದ್ರಲ್ಲಿ ನನ್ನ ಅರುಂಧತಿ ಇದ್ದಾಳೆ. ಆವತ್ತು ನಂಗೇನೂ ಕಾಣಿಸ್ಲಿಲ್ಲ. ಸುಳ್ಳು ಹೇಳ್ದೆ."

ತಾತನ ಕೈ ಹಾಗೇ ನಿಂತಿತು. ಅರ್ಧ ಹೊರಬಂದ ಪ್ಲಗ್ಗಿನಲ್ಲಿ ಚಿಟಿಚಿಟಿ ಸದ್ದು.

"ತಾತ, ಒಳಕ್ಕೆ ಒತ್ತಿ ಹಾಗೇ ಹಿಡ್ಕೊಳ್ಳಿ" ಎಂದಳು ಜ್ಯೋತ್ಸ್ನಾ. "ಸಾಕೆಟ್ ಸಡಿಲ ಆಗೋಯ್ತು, ಬಿಟ್ರೆ ಕಳಚಿಕೊಳ್ಳುತ್ತೆ. ಇನ್ನೊಂದು ನಲವತ್ತು ನಿಮಿಷ ಅಷ್ಟೆ."

ಇಡೀ ಆಯಸ್ಸು ಸ್ವಿಚ್ಚು ಆರಿಸಿದ ಕೈ ಈಗ ಒಂದು ಪ್ಲಗ್ಗನ್ನು ಗೋಡೆಗೆ ಒತ್ತಿಕೊಂಡು ಕೂತಿತು. ಗಂಗಾಧರಯ್ಯ ಕಾಫಿ ಕುಡಿದು, ಸುದ್ದಿ ಬಿಸಿ ಆರುವ ಮೊದಲು ಮನೆ ಮುಟ್ಟಬೇಕೆಂದು ಹೊರಟರು. ಅಜ್ಜಿ ಹಾಲ್‌ಗೆ ಬೆನ್ನು ಮಾಡಿ ತಾತನ ಪಕ್ಕದಲ್ಲಿ ಕೂತು, ಅವರ ಇನ್ನೊಂದು ಕೈಗೆ ಲೋಟ ಕೊಟ್ಟರು.

"ಅರವತ್ತು ವರ್ಷ ನಂಗೆ ಸುಳ್ಳು ಹೇಳ್ದೆ" ಎಂದರು ತಾತ.

"ನಾನು ಹೇಳಿದ್ದು ಒಂದೇ ಸಲ. ಅರವತ್ತು ವರ್ಷ ಹೇಳಿದ್ದು ನೀವು."

ತಾತ ಕಾಫಿ ಕುಡಿದರು. ಮೂವತ್ತು ನಿಮಿಷ ಕಳೆಯಿತು. ಕೈ ಜೋಮು ಹಿಡಿಯಿತು, ಬದಲಾಯಿಸಿಕೊಂಡರು. ಹಾಲ್‌ನ ಟೀವಿಯ ಮುಂದೆ ಜ್ಯೋತ್ಸ್ನಾ ಉಗುರು ಕಚ್ಚುತ್ತಿದ್ದಳು. ಕಡೆಗೆ ಪರದೆಯ ಕಿತ್ತಳೆಯೆಲ್ಲ ಬಸಿದುಹೋಗಿ, ಶುದ್ಧ ಕಪ್ಪು ಮೂಡಿತು. ಒಂದು ಕಾಳು ರವೆ ಇರಲಿಲ್ಲ.

"ಬಂತು ಅಜ್ಜಿ" ಎಂದು ಕೂಗಿದಳು. "ಎರಡೂ ಬಂದಿವೆ."

"ಎರಡಾ?" ಎಂದರು ತಾತ.

ಅಜ್ಜಿ ನಿಧಾನವಾಗಿ ಗಂಡನ ಕಡೆ ತಿರುಗಿದರು.

"ವಸಿಷ್ಠರ ಪಕ್ಕದಲ್ಲಿ ಅರುಂಧತಿ ಅಂತ ಮಗೂಗೂ ಗೊತ್ತು. ನೀವು ನಂಗೆ ತೋರಿಸಿದ್ದು ಎಷ್ಟೂಂದ್ರೆ?"

ತಾತ ಪ್ಲಗ್ಗನ್ನೇ ನೋಡಿದರು. "ಮಂಟಪದ ಆಚೆ ತೆಂಗಿನಮರ ಇತ್ತು. ಅದ್ರ ಕಡೆ ಬೆರಳು ಮಾಡಪ್ಪ ಅಂದ್ರು ಅಯ್ನೋರು. ಮಾಡ್ದೆ."

ಅಜ್ಜಿ ನಗಲು ಶುರುಮಾಡಿದವರು ಸೆರಗಿನಿಂದ ಕಣ್ಣೊರೆಸಿಕೊಂಡರೂ ನಿಲ್ಲಿಸಲಿಲ್ಲ. ತಾತನ ಮೀಸೆಯೂ ಅಲ್ಲಾಡಿತು.

"ಅಜ್ಜಿ, ಬಂದು ನೋಡೇ ಮೊದ್ಲು. ತಾತ, ಪ್ಲಗ್ ಬಿಡ್ಬೇಡಿ, ಟೀವೀಲೂ ಆರಿಹೋಗುತ್ತೆ" ಎಂದಳು ಜ್ಯೋತ್ಸ್ನಾ.

"ತಡಿ. ನಾನಾಗೇ ನೋಡಿದ್ರೆ ಅದೆಂಥ ಶಾಸ್ತ್ರ? ಗಂಡ ತೋರಿಸ್ಬೇಕು." ಅಜ್ಜಿ ಟೀವಿಯ ಕಡೆ ತಿರುಗದೆ ಕೈ ಮುಂದೆ ಮಾಡಿದರು. "ಕೊಡಿ ಇಲ್ಲಿ, ನಾನು ಹಿಡ್ಕೋತೀನಿ. ನೀವು ಹೋಗಿ ಸರ್ಯಾಗಿ ಕಲ್ತುಕೊಳ್ಳಿ."

ಪ್ಲಗ್ಗನ್ನು ತಾನೇ ಹಿಡಿದುಕೊಳ್ಳಬಹುದಿತ್ತೆಂಬುದು ಜ್ಯೋತ್ಸ್ನಾಗೆ ಹೊಳೆದದ್ದು ಮಧ್ಯಾಹ್ನ ಊಟದ ಹೊತ್ತಿಗೆ. ಸದ್ಯಕ್ಕೆ ಅವಳು ತಾತನಿಗೆ ಪಾಠ ಹೇಳುತ್ತಿದ್ದಳು. ದಪ್ಪನೆಯದು ವಸಿಷ್ಠ, ಅದರ ಮೇಲ್ಗಡೆ ಒತ್ತಿಕೊಂಡಂತಿರುವ ಸಣ್ಣದು ಅರುಂಧತಿ. ತಾತ ಕನ್ನಡಕ ಒರೆಸಿ ಹಾಕಿ, ತೆಗೆದು, ಮತ್ತೆ ಹಾಕಿದರು. ಆಮೇಲೆ ಪಂಚೆ ಸರಿಮಾಡಿಕೊಂಡು ಟೀವಿಯ ಪಕ್ಕ ನಿಂತು, ಬೆರಳನ್ನು ಆ ಸಣ್ಣ ಚುಕ್ಕಿಯ ಹತ್ತಿರ ತಂದರು.

"ಗಂಗಾ, ತಿರುಗು. ಕಾಣಿಸ್ತಾ?"

ದೇವರ ಮನೆಯಲ್ಲಿ ಗೋಡೆಗೆ ಕೈ ಒತ್ತಿಕೊಂಡೇ ಅಜ್ಜಿ ತಿರುಗಿದರು. ಕತ್ತು ಅತ್ತಿತ್ತ ವಾಲಿಸಿದರು.

"ನಿಮ್ಮ ತಲೆ ಅಡ್ಡ ಬಂದಿದೆ. ಆ ಕಡೆ ಸರೀರಿ."

ತಾತ ಸರಿದರು.

"ಇನ್ನೂ ಸ್ವಲ್ಪ. ಹ್ಞಾಂ, ಅಲ್ಲೇ" ಎಂದರು ಅಜ್ಜಿ. "ಕಾಣಿಸ್ತು."